ಯಾರ ಪೈಕಿ

ಎರಡನೆಯ ಕೊಡದ ನೀರು ಮುಗಿಯುವ ಮೊದಲೇ ಗಿರಿಜವ್ವ ತಂಬಿಗೆಯನ್ನು ಕೆಳಗಿಟ್ಟು ಹೊರಗೆ ಬಂದಳು. ಅವಳ ಹಿಂದೆ ಇನ್ನಿಬ್ಬರು ನೆರೆಯ ಹೆಂಗಸರು ಬಂದರು. ಮೂವರ ಕೈಯೂ ಒದ್ದೆಯಾಗಿತ್ತು, ಯಾರೂ ಸೆರಗಿಗೆ ಒರೆಸಿಕೊಳ್ಳಲಿಲ್ಲ. ಒಳಗೆ, ಸಿಂದಗಿಯ ಎಣ್ಣೆ ಗಿರಣಿಯ ಹಿಂದಿನ ಆ ಒಂದೇ ಕೋಣೆಯಲ್ಲಿ, ಅರ್ಧ ಮಿಂದ ಹೊನ್ನವ್ವನ ಹೆಣ ಮಣೆಯ ಮೇಲೆ ಗೋಡೆಗೆ ಆತು ಕೂತಿತ್ತು. ಅದು ವಾಲದಂತೆ ಮಗಳು ಭಾಗ್ಯಜ್ಯೋತಿ ಎರಡೂ ಹೆಗಲನ್ನು ಹಿಡಿದುಕೊಂಡಿದ್ದಳು.

ಹೊರಗೆ ಬೇವಿನ ನೆರಳಿನಲ್ಲಿ ಓಣಿಯ ಗಂಡಸರು ವಿಮಾನ ಕಟ್ಟುತ್ತಿದ್ದರು. ಹೆಣವನ್ನು ಕೂರಿಸಿ ಒಯ್ಯುವ ಆ ಬಿದಿರಿನ ಮಂಟಪಕ್ಕೆ ಬಾಳೆಕಂಬ ಬಿಗಿಯುವುದಷ್ಟೇ ಬಾಕಿಯಿತ್ತು. ಓಣಿಯ ಸ್ವಾಮಿ ಚನ್ನಬಸಯ್ಯನವರು ಬಟ್ಟಲಲ್ಲಿ ವಿಭೂತಿ ಕಲಸುತ್ತ ಕೂತಿದ್ದರು. ಗಿರಿಜವ್ವ ಅವರ ಹತ್ತಿರ ಹೋಗಿ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದಳು. ಆದರೆ ಸಾವಿನ ಮನೆಯಲ್ಲಿ ಕಿವುಡನಿಗೂ ಕಿವಿ ಬರುತ್ತದೆ.

"ಕೊರಳಾಗ ಲಿಂಗ ಇಲ್ರಿ ಅಜ್ಜಾರ. ಎಂದೂ ಕಟ್ಟಿದ ಗುರ್ತಾನೂ ಇಲ್ಲ."

ಚನ್ನಬಸಯ್ಯನವರ ಬೆರಳು ಬಟ್ಟಲಲ್ಲೇ ನಿಂತಿತು. ಅವರು ಕೆಟ್ಟವರಲ್ಲ. ಪೆಟ್ಟಿಗೆಯಲ್ಲಿ ನೋಡಿರಿ, ದೇವರ ಮಾಡದಲ್ಲಿ ನೋಡಿರಿ ಎಂದು ಎರಡು ಸಲ ಒಳಗೆ ಕಳಿಸಿದರು. ಎಲ್ಲಿಯೂ ಸಿಗಲಿಲ್ಲ. ಮಣ್ಣಿಗೆ ಇಡುವಾಗ ಎಡಗೈಯಲ್ಲಿ ಲಿಂಗ ಇರಬೇಕು, ಇಲ್ಲದಿದ್ದರೆ ಆ ಕ್ರಿಯೆ ಆ ದೇಹಕ್ಕೆ ಸೇರಿದ್ದಲ್ಲ ಎಂದು ನಿಧಾನವಾಗಿ ವಿವರಿಸಿದರು. ಕೊನೆಗೆ ಮಡಿವಾಳಪ್ಪ ಮಾಸ್ತರರ ಕಡೆ ತಿರುಗಿದರು.

"ಮಾಸ್ತರ, ಈಕಿ ಯಾರ ಪೈಕಿ?"

ಹನ್ನೆರಡು ವರ್ಷದ ಹಿಂದೆ ಈ ಕೋಣೆಯನ್ನು ಬಾಡಿಗೆಗೆ ಹಿಡಿದಾಗ, ನಮ್ಮ ಪೈಕಿನ ಹೆಣ್ಣುಮಗಳು, ಗಂಡ ತೀರಿಕೊಂಡಾನ ಎಂದು ಓಣಿಗೆಲ್ಲ ಹೇಳಿದವರು ಮಾಸ್ತರರೇ. ಇಡೀ ಆಯುಷ್ಯ ಮಕ್ಕಳಿಗೆ ಗಟ್ಟಿಯಾಗಿ ಓದಿರೋ ಎಂದು ಗದರಿದ ಮನುಷ್ಯ. ಈಗ ಅವರ ದನಿ ಅವರಿಗೇ ಕೇಳಿಸಲಿಲ್ಲ.

"ನನಗ ಗೊತ್ತಿಲ್ರಿ" ಎಂದರು.

ವಿಮಾನ ಕಟ್ಟುತ್ತಿದ್ದವರು ಕೈ ಬಿಟ್ಟರು. ಬಿಚ್ಚಿದ ಹಗ್ಗವನ್ನು ಯಾರೋ ಸುತ್ತಿ ಬಗಲಲ್ಲಿಟ್ಟುಕೊಂಡರು. ಬಾಳೆಕಂಬ ಮಾತ್ರ ಯಾರಿಗೂ ಬೇಡವಾಗಿ ಅಲ್ಲೇ ಬಿದ್ದಿದ್ದವು. ಎರಡು ಸಾವಿರದ ನಾಲ್ಕರ ಏಪ್ರಿಲ್ ತಿಂಗಳು. ಬೆಳಗಿನ ಬಿಸಿಲೇ ನೆತ್ತಿಯ ಬಿಸಿಲಿನಂತೆ ಹೊಡೆಯುತ್ತಿತ್ತು. ಹೊತ್ತು ಮುಳುಗುವುದರೊಳಗೆ ಹೊನ್ನವ್ವನಿಗೆ ಎಲ್ಲಾದರೂ ಮಣ್ಣಾಗಬೇಕಿತ್ತು, ಮರುದಿನದವರೆಗೆ ಇಟ್ಟುಕೊಳ್ಳುವ ಹೆಣವಾಗಿರಲಿಲ್ಲ ಅದು. ಕಾಮಣಿ ರೋಗದಿಂದ ಮೈಯೆಲ್ಲ ಹಳದಿಯಾಗಿ, ಹೊಟ್ಟೆ ಬಾತು ಸತ್ತಿದ್ದಳು.

ಹೊನ್ನವ್ವ ಎಂದರೆ ಆ ಸೀಮೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಕುಮಾರಿ ರಾಜಶ್ರೀ' ಎಂದರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಮುದುಕರೂ ಕತ್ತು ಎತ್ತುತ್ತಿದ್ದರು. ಕನ್ನೊಳ್ಳಿಯ ಒಕ್ಕಲಿಗರು, ಕುರಿ ಕಾಯುವವರು, ಇಬ್ಬರು ಸಿಂಪಿಗರು ಸೇರಿ ಮಾಡಿಕೊಂಡ ನಾಟ್ಯ ಸಂಘದ ಏಕೈಕ ಹೆಣ್ಣು ಪಾತ್ರ ಅವಳು. ಒಂದು ಹಳೆಯ ಕಾದಂಬರಿಯನ್ನು ಮಡಿವಾಳಪ್ಪ ಮಾಸ್ತರರು ನಾಟಕಕ್ಕೆ ಇಳಿಸಿ 'ದೇಸಾಯರ ಸೊಸಿ' ಎಂದು ಹೆಸರಿಟ್ಟಿದ್ದರು. ಸುಗ್ಗಿ ಮುಗಿದ ಮೇಲೆ ಸಂಘ ಅದನ್ನು ಹೊತ್ತುಕೊಂಡು ಊರೂರು ತಿರುಗುತ್ತಿತ್ತು. ನಲವತ್ತು ದಾಟಿ, ಮಗಳು ಎದೆಯೆತ್ತರ ಬೆಳೆದರೂ ಹ್ಯಾಂಡ್‌ಬಿಲ್ಲಿನಲ್ಲಿ ಅವಳು ಕುಮಾರಿಯೇ. ನಾಟಕದ ಪರದೆ, ಬಣ್ಣದ ಟ್ರಂಕು, ದೇಸಾಯರ ಕುರ್ಚಿ ಎಲ್ಲ ಇದ್ದದ್ದು ಅವಳ ಕೋಣೆಯಲ್ಲೇ. ಅಥವಾ ಸಂಘದ ಸಾಮಾನಿನ ಕೋಣೆಯಲ್ಲಿ ಅವಳಿದ್ದಳು ಎಂದರೂ ಆದೀತು.

*

ಮೊದಲ ವರ್ಷ ಅವಳ ಜೊತೆ ಏಳು ವರ್ಷದ ಮಗಳಿದ್ದಳು. ಹೋದ ಊರಿನಲ್ಲಿ ಗಂಡಸರಿಗೆ ಗುಡಿಯ ಕಟ್ಟೆಯೋ ಸಾಲೆಯ ಪಡಸಾಲೆಯೋ ಸಿಗುತ್ತಿತ್ತು. ಹೆಣ್ಣುಮಗಳಿಗೆ ಒಂದು ಮನೆ ಬೇಕು. ಆ ಮನೆಯ ಹೊಸ್ತಿಲಲ್ಲಿ ಒಂದೇ ಪ್ರಶ್ನೆ ಕಾದಿರುತ್ತಿತ್ತು: ಯಾರ ಪೈಕಿ? ಹೊನ್ನವ್ವ ನಾಟಕದಾಕಿರಿ ಎನ್ನುತ್ತಿದ್ದಳು. ಬಾಗಿಲು ಹಾಕಿಕೊಳ್ಳುವವರು ಜಗಳ ಮಾಡುತ್ತಿರಲಿಲ್ಲ, ಮೆಲ್ಲಗೇ ಹಾಕಿಕೊಳ್ಳುತ್ತಿದ್ದರು. ತಾಯಿ ಮಗಳು, ಸಂಘದ ಸಾಮಾನು ಹೊರುವ ಕಾಸಿಂಸಾಬನ ಟೆಂಪೋದಲ್ಲಿ ಮಲಗುತ್ತಿದ್ದರು. ಟ್ರಂಕುಗಳ ನಡುವೆ ಕಾಲು ಚಾಚಲು ಜಾಗವಿರಲಿಲ್ಲ. ಹೊನ್ನವ್ವ ಮೊಣಕಾಲು ಮಡಿಚಿ, ಒಂದು ಮಗ್ಗುಲಾಗಿ, ಹೊಟ್ಟೆಯ ಹತ್ತಿರ ಮಗುವನ್ನು ಒತ್ತಿಕೊಂಡು ಮಲಗುವುದನ್ನು ಕಲಿತಳು. ಚಳಿಗೆ ಮಗುವಿಗೆ ಕೆಮ್ಮು ಹತ್ತಿತು.

ಬಸವನ ಬಾಗೇವಾಡಿ ದಾಟಿ ಮಸೂತಿ ಎಂಬ ಊರಿಗೆ ಹೋದಾಗ ಮಗುವಿಗೆ ಮೈ ಸುಡುವ ಜ್ವರ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಟಮಟ ಮಧ್ಯಾಹ್ನ ಒಂದು ದೊಡ್ಡ ಮನೆಯ ಅಂಗಳಕ್ಕೆ ಹೊನ್ನವ್ವ ನೀರು ಕೇಳಿಕೊಂಡು ಹೋದಳು. ಮನೆಯ ಯಜಮಾನಿ ತಾಮ್ರದ ತಂಬಿಗೆ ಎತ್ತಿದಳು. ಮಗು ಬೊಗಸೆಗೆ ಬಾಯಿ ಇಟ್ಟಿತ್ತು. ತಂಬಿಗೆ ಅರ್ಧಕ್ಕೆ ನಿಂತಿತು.

"ಯಾರ ಪೈಕಿ ತಂಗಿ?"

ಹೊನ್ನವ್ವ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಮಾಸ್ತರರು, "ನಿಮ್ಮ ಪೈಕಿನ ರೀ" ಎಂದುಬಿಟ್ಟರು.

ನೀರು ಬಿತ್ತು. ನೀರಿನ ಹಿಂದೆ ಬಿಸಿ ಅನ್ನ ಬಂತು, ಮಗುವಿಗೆ ಕಷಾಯ ಬಂತು, ಒಳಗಿನ ಕೋಣೆಯಲ್ಲಿ ಕೌದಿ ಹಾಸಿದ ಹಾಸಿಗೆ ಬಂತು. ಒಂದು ಸುಳ್ಳಿಗೆ ಇಷ್ಟೆಲ್ಲ ಸಿಗುವುದಾದರೆ ಖರೆ ಹೇಳುವವನು ಹುಚ್ಚ ಎಂದು ಮಾಸ್ತರರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಅಂದಿನಿಂದ ಅದೇ ಸಂಘದ ರೂಢಿಯಾಯಿತು. ಕಾಸಿಂಸಾಬ ಮುಂಚಿತವಾಗಿ ಊರಿಗೆ ಹೋಗಿ, ಯಾರ ಮನೆಯಲ್ಲಿ ಇಳಿಯುವುದೆಂದು ತಿಳಿದುಕೊಂಡು ಬರುತ್ತಿದ್ದ. ಹೊನ್ನವ್ವ ಬಣ್ಣದ ಪೆಟ್ಟಿಗೆ ತೆರೆಯುತ್ತಿದ್ದಳು. ಅದರಲ್ಲಿ ವಿಭೂತಿ ಗಟ್ಟಿ ಇತ್ತು, ಕುರುಬರ ಮನೆಗೆ ಹಣೆ ತುಂಬ ಹಚ್ಚಿಕೊಳ್ಳುವ ಭಂಡಾರದ ಅರಿಶಿನ ಇತ್ತು, ಕುಂಕುಮದ ಎರಡು ಬಗೆ ಇತ್ತು. ಹಲಸಂಗಿಯಲ್ಲಿ ಒಂದು ಪೈಕಿ, ಅದರ ಮುಂದಿನ ಊರಿನಲ್ಲಿ ಇನ್ನೊಂದು. ಯಾವ ಮನೆಯಲ್ಲಿ ಮೊದಲು ಯಾವ ದೇವರಿಗೆ ಕೈ ಮುಗಿಯಬೇಕು, ಯಾರ ಸಾವಿಗೆ ಯಾವ ಹಾಡು, ಅವಳಿಗೆ ತಪ್ಪುತ್ತಿರಲಿಲ್ಲ.

ಒಂದು ಸಲ ಮಾತ್ರ ಅವಳು ತಕರಾರು ತೆಗೆದಳು. ಯಾರಾದರೂ ಅನುಮಾನಪಟ್ಟಾರು, ಕೊರಳಿಗೆ ಒಂದು ಲಿಂಗ ಕಟ್ಟಿಕೊಂಡುಬಿಡು ಎಂದು ಮಾಸ್ತರರು ಹೇಳಿದ್ದರು.

"ಹಣಿಗೆ ಹಚ್ಚಿದ್ದು ತೊಳದರ ಹೋಗತೈತಿ, ಮಾಸ್ತರ" ಎಂದಿದ್ದಳು ಹೊನ್ನವ್ವ. "ಅದನ್ನ ಮಾತ್ರ ಸುಳ್ಳಸುಳ್ಳ ಕಟ್ಕೊಳ್ಳಂಗಿಲ್ಲ. ಅದು ನಾಟಕದ ಸಾಮಾನ ಅಲ್ಲ."

ನೀನು ನಿಜವಾಗಿ ಯಾರ ಪೈಕಿ ಎಂದು ಮಾಸ್ತರರು ಅವಳನ್ನು ಆಗಲೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಟ್ಟಾಳೆಂಬ ಭಯ ಅವರಿಗಿತ್ತು.

*

ಹನ್ನೊಂದರ ಬಸ್ಸಿಗೆ ಕನ್ನೊಳ್ಳಿಯಿಂದ ಮಾಳಿಂಗಪ್ಪ ಬಂದ. ನಾಟಕದಲ್ಲಿ ದೇಸಾಯರ ಆಳಿನ ಪಾತ್ರ ಮಾಡಿ ಜನರನ್ನು ಉರುಳಾಡಿಸಿ ನಗಿಸುವವನು ಇವನೇ. ಹೆಗಲ ಮೇಲೆ ಕಂಬಳಿ, ಧೋತರದ ಸೆರಗಿನ ಗಂಟಿನಲ್ಲಿ ಭಂಡಾರ, ಜೊತೆಗೆ ಅವನ ಕಾಕಾ ಮತ್ತು ಡೊಳ್ಳಿನವರು ಇಬ್ಬರು. ಓಣಿಯ ತಿರುವಿನಲ್ಲಿಯೇ ಅವನು ಅಳಲು ಶುರುಮಾಡಿದ್ದ. ತಂಗಿಯ ಸಾವಿಗೆ ಅಳುವಂತೆ ಅಳುತ್ತಿದ್ದ. ಹೊನ್ನವ್ವ ತಮ್ಮ ಪೈಕಿನವಳೆಂದು ಅವನು ನಂಬಿದ್ದ. ಬೇರೆ ಊರುಗಳಲ್ಲಿ ಹೇಳುವುದೆಲ್ಲ ಸುಳ್ಳು, ತನ್ನ ಮನೆಯಲ್ಲಿ ಇಳಿದಾಗ ಹೇಳಿದ್ದೊಂದೇ ಖರೆ ಎಂದುಕೊಂಡಿದ್ದ.

ಲಿಂಗಾಯತರು ಕೈಬಿಟ್ಟರೆಂದು ತಿಳಿದು ಅವನಿಗೆ ಸಿಟ್ಟಿಗಿಂತ ಹುರುಪೇ ಬಂತು. ನಮ್ಮ ಹೆಣ್ಣನ್ನು ನೀವ್ಯಾಕೆ ಕೂರಿಸಿ ಕಟ್ಟಿದ್ದೀರಿ, ಇಳಿಸಿರಿ, ನಾವು ಒಯ್ಯುತ್ತೇವೆ ಎಂದ. ಅವನ ಕಾಕಾ ಮಾತ್ರ ಚಪ್ಪಲಿ ಬಿಡದೆ ನಿಂತಿದ್ದ. ಅವನು ಮಾಸ್ತರರನ್ನು ಕೇಳಿದ, ಈಕೆಯ ಬೆಡಗು ಯಾವುದು ಎಂದು. ಕುರುಬರಲ್ಲಿ ಮದುವೆಗೂ ಬೆಡಗು ಬೇಕು, ಮಣ್ಣಿಗೂ ಬೇಕು. ಕುಲದ ಆ ಕವಲು ಗೊತ್ತಿಲ್ಲದೆ ಯಾರ ಹಿರಿಯರ ಪಕ್ಕದಲ್ಲಿ ಯಾರನ್ನು ಇಡುವುದು?

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಗಿತ್ತು ಮಾಸ್ತರರ ಸ್ಥಿತಿ. ಅವರು ಬೇವಿನ ಬೊಡ್ಡೆಗೆ ಕೈ ಊರಿ, ಮಸೂತಿಯ ತಂಬಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ತಾವೇ ಹೇಳಿದ್ದು, ಅವಳಲ್ಲ ಎಂದು ಮೂರು ಸಲ ಹೇಳಿದರು.

ಮಾಳಿಂಗಪ್ಪನ ಅಳು ನಿಂತಿತು.

"ನಮ್ಮವ್ವ ಸಾಯೂ ಮುಂದ ಈಕಿ ಕೈಲೇ ನೀರ ಕುಡದಾಳ" ಎಂದ. "ಒಂದ ಗಂಗಾಳದಾಗ ಉಂಡಾರ ಇಬ್ಬರೂ. ಮಾಸ್ತರ, ನನಗರ ಒಂದ ಮಾತ ಹೇಳಬಾರದಿತ್ತೇನ್ರಿ?"

ಡೊಳ್ಳಿನವರು ಬಂದ ದಾರಿಗೆ ತಿರುಗಿದರು. ಮಾಳಿಂಗಪ್ಪ ಕಾಕಾನ ಹಿಂದೆ ಹೋದ. ಅವನು ಹೋಗುವುದನ್ನು ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾಯಿಯನ್ನು ಅವಳೊಬ್ಬಳೇ ಮೀಯಿಸಿ, ಸೀರೆ ಉಡಿಸಿ, ನಾಟಕದ ಪರದೆಯೊಂದನ್ನು ನೆಲಕ್ಕೆ ಹಾಸಿ ಮಲಗಿಸಿದ್ದಳು. ಹಣೆಗೆ ಏನು ಹಚ್ಚುವುದೆಂದು ಗೊತ್ತಾಗದೆ ಹಣೆ ಖಾಲಿ ಬಿಟ್ಟಿದ್ದಳು.

ಎಲ್ಲರೂ ಈಗ ಅವಳನ್ನು ಕೇಳಿದರು. ನಿನಗಾದರೂ ಹೇಳಿರಬೇಕಲ್ಲ, ಹೊಟ್ಟೆಯ ಮಗಳು.

"ಕೇಳಿದ್ನಿರಿ. ನಿನಗ ನೀರ ಸಿಕ್ಕಾವಿಲ್ಲೋ, ಕುಡಿ ಅಂತಿದ್ಲು" ಎಂದಳು ಭಾಗ್ಯಜ್ಯೋತಿ.

ಗಿರಣಿಯ ಗುಮಾಸ್ತ ಒಂದು ಉಪಾಯ ಸೂಚಿಸಿದ. ಅನಾಥ ಶವ ಎಂದು ಬರೆಸಿದರೆ ಗಾಡಿ ಬರುತ್ತದೆ, ಅವರೇ ಒಯ್ದು ಅವರೇ ಮುಗಿಸುತ್ತಾರೆ, ಯಾರ ಪೈಕಿ ಎಂದು ಕೇಳುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಮಾತಿಗೆ ಹುಡುಗಿಯ ಮುಖ ಕಪ್ಪಿಟ್ಟಿತು. ಬೆಳಗಿನಿಂದ ಅವಳು ಅತ್ತಿರಲಿಲ್ಲ, ಈಗಲೂ ಅಳಲಿಲ್ಲ.

"ಅನಾಥ ಅಂತ ಬರಸಬ್ಯಾಡ್ರಿ. ನಾ ಅದೀನಿ."

ಆಮೇಲೆ ಕಾಸಿಂಸಾಬನ ಕಡೆ ತಿರುಗಿ, ಟೆಂಪೋ ತಾ ಕಾಕಾ, ದೇಸಾಯರ ಹೊಲಕ್ಕೆ ಒಯ್ಯೋಣ ಎಂದಳು. ಯಾವ ದೇಸಾಯಿ ಎಂದು ಯಾರೂ ಕೇಳಲಿಲ್ಲ. ಕನ್ನೊಳ್ಳಿಯ ಬಸಂತರಾಯನಿಗೆ ಆ ಹೆಸರೇ ನಿಂತುಹೋಗಿತ್ತು. ನಾಟಕದ ದೇಸಾಯಿ ಅವನು, ಊರಿನಲ್ಲಿ ಖರೆಯಾಗಿಯೂ ಮೂವತ್ತು ಎಕರೆಯ ಕುಳ. ಬೆಳಗಿನಿಂದ ಅವನು ಬಂದಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದ್ದರು, ಯಾರೂ ಆಡಿರಲಿಲ್ಲ.

*

ಆ ನಾಟಕದ ಕೊನೆ ಮೊದಲು ಹಾಗಿರಲಿಲ್ಲ. ಹಳೆಯ ಕಾದಂಬರಿಯಲ್ಲಿ ದೇಸಾಯಿ ಕುಲಗೋತ್ರ ಗೊತ್ತಿಲ್ಲದ ಸೊಸೆಯನ್ನು ಮನೆಯಿಂದ ಹೊರಹಾಕುತ್ತಾನೆ. ಅವಳು ಅಲೆದು ಅಲೆದು, ಅವನ ಹೊಲದ ಬಾಂದಗಲ್ಲಿನ ಹತ್ತಿರ ಬಂದು ಸಾಯುತ್ತಾಳೆ. ಗಡಿಯ ಆ ಕಲ್ಲಿನ ಆಚೆ ಹೆಣ, ಈಚೆ ದೇಸಾಯಿ. ಅವನು ನೋಡಿ ಮನೆಗೆ ಹೋಗುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮಾಸ್ತರರು ಅದನ್ನು ಹಾಗೆಯೇ ನಾಟಕ ಮಾಡಿದ್ದರು.

ಮುದ್ದೇಬಿಹಾಳದ ಕಡೆ ಒಂದು ಹಳ್ಳಿಯಲ್ಲಿ ಮೊದಲ ಆಟ. ಪರದೆ ಬಿದ್ದರೂ ಜನ ಏಳಲಿಲ್ಲ. ಹೊದ್ದ ಕಂಬಳಿಯಲ್ಲಿ ಹಾಗೆಯೇ ಕೂತಿದ್ದರು. ನಾಟಕ ಮುಗಿಯಿತು, ಹೋಗಿರಿ ಎಂದು ಮಾಸ್ತರರು ಹೊರಗೆ ಬಂದು ಕೈ ಮುಗಿದರು. ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತು, ಆ ಹುಡುಗಿಯನ್ನು ಮಣ್ಣು ಮಾಡಿರಿ, ಆಮೇಲೆ ಹೋಗುತ್ತೇವೆ ಎಂದ. ಹಿಂದಿನಿಂದ ಹೌದೌದು ಎಂದರು. ಹಾದಿಹೆಣ ಬಿಟ್ಟು ಮನೆಗೆ ಹೋಗಿ ಉಣ್ಣುವುದು ಹೇಗೆ? ಒಬ್ಬ ಕಲ್ಲನ್ನೂ ಎತ್ತಿಕೊಂಡಿದ್ದ. ಕೊನೆಗೆ ಪರದೆ ಮತ್ತೆ ಎತ್ತಬೇಕಾಯಿತು. ಬಿದ್ದಿದ್ದ ಹೊನ್ನವ್ವನನ್ನು ಯಾರಾದರೂ ಎತ್ತಲೇಬೇಕಿತ್ತು. ಬಸಂತರಾಯ ಮುಂದೆ ಬಂದ.

ಅವನು ಮರ್ಯಾದಸ್ಥ. ಪರಹೆಣ್ಣನ್ನು ಮುಟ್ಟುವುದು ಹೇಗೆಂದು ಒಂದು ಗಳಿಗೆ ನಿಂತ. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಮಡಿಚಿ, ಎರಡೂ ತೋಳಿನ ಮೇಲೆ ಹಾಸಿಕೊಂಡು, ಅದರ ಮೇಲೆ ಅವಳನ್ನು ಎತ್ತಿಕೊಂಡ. ಬಾಯಿಗೆ ಬಂದ ಮಾತು ಆಡಿದ.

"ಈಕಿ ಯಾರ ಪೈಕಿ ಅಂತ ಕೇಳಬ್ಯಾಡ್ರಿ. ಈಕಿ ನನ್ನ ಮನಿಯಾಕಿ. ನನ್ನ ಹೊಲದಾಗ ಮಲಗ್ತಾಳ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಆ ಮಾತು, ಆ ಟವೆಲ್ಲು ನಾಟಕದಲ್ಲಿ ಉಳಿದುಕೊಂಡವು. ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುತ್ತಿದ್ದ ಮಾಸ್ತರರು ಉಳಿದವರಿಗೆಲ್ಲ ಎತ್ತಿಕೊಡಬೇಕಾಗುತ್ತಿತ್ತು. ಬಸಂತರಾಯನಿಗೆ ಈ ಮಾತನ್ನು ಒಮ್ಮೆಯೂ ಎತ್ತಿಕೊಡಬೇಕಾಗಿರಲಿಲ್ಲ.

ಹೊನ್ನವ್ವನಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕದ ಕೊನೆಯ ಹಾಳೆಗಳನ್ನು ಮಾಸ್ತರರಿಂದ ಎರಡು ಸಲ ಓದಿಸಿಕೊಂಡಿದ್ದಳು. ಜನರಿಗೆ ಈ ಕೊನೆ ಎಷ್ಟು ಹಿಡಿಸಿತು ನೋಡು ಎಂದು ಅವರು ಹಿಗ್ಗಿದಾಗ, ಮುಖದ ಬಣ್ಣ ಒರೆಸಿಕೊಳ್ಳುತ್ತ, "ಛಲೋ ಐತ್ರಿ. ಆದರ ಪುಸ್ತಕದಾಗಿಂದ ಖರೇ" ಎಂದಿದ್ದಳು.

*

ಕನ್ನೊಳ್ಳಿಗೆ ಟೆಂಪೋ ಬಂದಾಗ ಊರು ಊಟ ಮುಗಿಸಿ ಅಡ್ಡಾಗಿತ್ತು. ಬಸಂತರಾಯ ಕಟ್ಟೆಯ ಮೇಲೆ ಎಚ್ಚರವಾಗಿಯೇ ಕೂತಿದ್ದ. ಟೆಂಪೋದ ಸದ್ದು ಅವನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಹಿರಿಯ ಮಗ ಸಂಜೀವಕುಮಾರ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ.

ಭಾಗ್ಯಜ್ಯೋತಿ ಇಳಿದು ಹೋಗಿ ಕಟ್ಟೆಯ ಕೆಳಗೆ ನಿಂತಳು. ಅವಳು ಚಿಕ್ಕವಳಿದ್ದಾಗ ಈ ಕಟ್ಟೆಯ ಮೇಲೆ ಅವನ ಪಕ್ಕ ಕೂತು ಶೇಂಗಾ ತಿಂದವಳು. ಹೊಲದ ಮೂಲೆಯಲ್ಲಿ ಎಲ್ಲಾದರೂ ಒಂದಿಷ್ಟು ಜಾಗ ಕೊಡಿರಿ, ಗೋರಿ ಕಟ್ಟುವುದಿಲ್ಲ, ಕಲ್ಲು ನೆಡುವುದಿಲ್ಲ, ಮುಂದಿನ ಮಳೆಗೆ ನೀವು ಅದರ ಮೇಲೆ ಜೋಳ ಬಿತ್ತಿರಿ ಎಂದಳು. ಸಂಜೀವಕುಮಾರ, ಹೊಲ ಪಾಲಾಗಿದೆ, ಅಪ್ಪನ ಕೈಯಲ್ಲಿ ಏನೂ ಇಲ್ಲ ಎಂದ. ಬಸಂತರಾಯ ಮಗನಿಗೆ ಕೈಸನ್ನೆಯಲ್ಲಿ ಸುಮ್ಮನಿರಲು ಹೇಳಿದ. ತಪ್ಪಿಸಿಕೊಳ್ಳಲು ಪಾಲಿನ ನೆಪ ಸಾಕಿತ್ತು, ಆದರೆ ಆ ಹುಡುಗಿಗೆ ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಒಳಗಿನಿಂದ ಹೆಂಡತಿ ಯಾರಿಗೋ ಹೇಳುತ್ತಿದ್ದಳು.

"ಜಾಗದ ಮಾತಲ್ಲವ್ವ" ಎಂದ. "ಇಷ್ಟ ವರ್ಷ ಆಕಿನ್ನ ಎತ್ತಿಕೊಂಡೇನಿ, ಒಂದ ದಿನ ಕೆಟ್ಟ ಮನಸಿಲೆ ಮುಟ್ಟಿಲ್ಲ. ನಿಮ್ಮವ್ವಗ ಗೊತ್ತಿತ್ತು. ಆದರ ಊರ ಬಾಯಿ ನಿನಗ ಗೊತ್ತಿಲ್ಲ. ನಾಟಕದಾಗ ನನ್ನ ಮನಿಯಾಕಿ ಅಂದರ ಚಪ್ಪಾಳಿ ಹೊಡೀತಾರ. ಇವತ್ತ ಹೊಲದಾಗ ಮಣ್ಣ ಕೊಟ್ಟರ, ಹಂಗಾರ ಇಷ್ಟ ದಿನ ಅಂದಿದ್ದು ಖರೇನ ಅಂತಾರ. ನನ್ನ ಹೆಸರ ಹೋಗಲಿ, ಸತ್ತ ಮ್ಯಾಲ ಆಕಿನ್ನ ನನ್ನ ಇಟ್ಟಕೊಂಡಾಕಿ ಮಾಡ್ತಾರ."

"ನೀವೇನೂ ಅನ್ನಬ್ಯಾಡ್ರಿ. ಜಾಗಾ ಅಷ್ಟ ತೋರಸ್ರಿ."

"ಏನೂ ಅನ್ನದ ಕೊಟ್ಟರ ಇನ್ನಾ ಜಾಸ್ತಿ ಅಂದಂಗ ಆಗತೈತಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಊರಿನ ಬಾಯಿ ಅಂಥದ್ದೇ. ಬಾಗಿಲು, ಕಿಟಕಿಗಳಲ್ಲಿ ಈಗಾಗಲೇ ಮುಖಗಳು ಕಾಣಿಸಿಕೊಂಡಿದ್ದವು. ಆ ನಾಟಕವನ್ನು ಹತ್ತು ಹದಿನೈದು ಸಲ ನೋಡಿದ ಮುಖಗಳು ಅವು, ದೇಸಾಯಿಯ ಮಾತನ್ನು ಅವನಿಗಿಂತ ಮೊದಲೇ ಬಾಯಲ್ಲಿ ಆಡಿಕೊಳ್ಳುತ್ತಿದ್ದವು. ಇಂದು ಯಾವ ಬಾಯಿಯೂ ಅಲುಗಲಿಲ್ಲ. ಬಸಂತರಾಯ ಅವರನ್ನು ನೋಡಿದ. ಅವರೊಳಗಿನ ಒಬ್ಬ, ಒಬ್ಬನೇ ಒಬ್ಬ, ಕೊಟ್ಟುಬಿಡೋ ಎಂದಿದ್ದರೆ ಕೊಟ್ಟುಬಿಡುತ್ತಿದ್ದನೇನೋ.

ಭಾಗ್ಯಜ್ಯೋತಿ ತಿರುಗಿ ಬಂದು ಟೆಂಪೋ ಹತ್ತಿ ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೆಣ ಬಿಸಿಲಿಗೆ ವಾಸನೆ ಹಿಡಿಯತೊಡಗಿತ್ತು. ಮಾಸ್ತರರು ಟೆಂಪೋದ ಮೂಲೆಯಲ್ಲಿ ಮೊಣಕಾಲ ನಡುವೆ ಮುಖವಿಟ್ಟು ಕೂತಿದ್ದರು. ಇನ್ನು ಎಲ್ಲಿಗೆ ಎಂದು ಕಾಸಿಂಸಾಬ ಕೇಳಿದ. ಕೊನೆಗೆ ತಾನೇ ಗಾಡಿ ಬಿಟ್ಟ. ಊರ ಹೊರಗೆ, ಬಸಂತರಾಯನ ಹೊಲ ಮುಗಿದು ಡಾಂಬರು ರಸ್ತೆ ಶುರುವಾಗುವಲ್ಲಿ ನಿಲ್ಲಿಸಿ ಇಳಿದ. ಬಾಂದಗಲ್ಲಿಗೂ ರಸ್ತೆಗೂ ನಡುವೆ ಯಾರಿಗೂ ಸೇರದ ಒಂದು ಪಟ್ಟಿ ಜಾಗ, ಜಾಲಿ ಬೆಳೆದದ್ದು. ಅಲ್ಲಿ ಇಳಿದ ಮೇಲೆ ಮಾಸ್ತರರು ಕಲ್ಲನ್ನು ನೋಡಿದರು, ರಸ್ತೆಯನ್ನು ನೋಡಿದರು. ತಾವು ಮುದ್ದೇಬಿಹಾಳದ ಕಡೆ ತಿದ್ದಿದ ಪುಸ್ತಕದ ಕೊನೆ ಅವರಿಗೆ ನೆನಪಾಯಿತು. ಅವರು ಟೆಂಪೋದ ಹಿಂದೆ ಹೋಗಿ ಕೂತರು.

ಟೆಂಪೋದಲ್ಲಿ ಕಂಬ ನೆಡಲು ಇಟ್ಟುಕೊಂಡ ಹಾರೆ, ಸಲಿಕೆ ಇದ್ದವು. ಕಾಸಿಂಸಾಬ ಜಾಲಿ ಕಡಿದು ನೆಲ ಹದ ಮಾಡಿದ. ಹಾರೆ ಎತ್ತಿದವನು ತಡೆದು ನಿಂತ.

"ಜ್ಯೋತಿ, ಉದ್ದ ಅಗೀಲೋ, ಚೌಕ ಅಗೀಲೋ?"

ಮಲಗಿಸುವವರಿಗೆ ಉದ್ದ, ಕೂರಿಸುವವರಿಗೆ ಚೌಕ. ಬೆಳಗಿನಿಂದ ಎಲ್ಲರೂ ಕೇಳಿದ ಪ್ರಶ್ನೆಯೇ ಅದು, ಹಾರೆಯ ಬಾಯಲ್ಲಿ ಬಂದಿತ್ತು. ಭಾಗ್ಯಜ್ಯೋತಿ ಟೆಂಪೋದೊಳಗೆ ನೋಡಿದಳು. ಟ್ರಂಕುಗಳ ನಡುವಿನ ಆ ಸಂದು ಈಗಲೂ ಹಾಗೆಯೇ ಇತ್ತು.

"ಇದರಾಗ ಹೆಂಗ ಮಲಗತಿದ್ಲು, ಹಂಗ ಅಗಿ ಕಾಕಾ."

ಕಾಸಿಂಸಾಬನಿಗೆ ಆ ಅಳತೆ ಗೊತ್ತಿತ್ತು. ಎರೆಮಣ್ಣು ಬೇಸಿಗೆಗೆ ಕಲ್ಲಾಗಿತ್ತು, ಹಾರೆ ಬಿದ್ದಲ್ಲಿ ಕಿಡಿ ಬಂದಂತಾಗುತ್ತಿತ್ತು. ಅರ್ಧ ತಾಸು ಅವನೊಬ್ಬನೇ ಅಗೆದ. ಆಮೇಲೆ ಊರ ಕಡೆಯಿಂದ ಮಾಳಿಂಗಪ್ಪ ಬಂದ. ಅವನ ಕಾಕಾ ಜೊತೆಗಿರಲಿಲ್ಲ. ಅವನು ಯಾರನ್ನೂ ಮಾತಾಡಿಸದೆ ಸಲಿಕೆ ಎತ್ತಿಕೊಂಡು ಕುಣಿಗೆ ಇಳಿದ. ಕುಣಿ ಎದೆಮಟ್ಟ ಆದ ಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು ತಳಕ್ಕೆ ಹಾಸಿದ.

"ನಮ್ಮವ್ವಂದು" ಎಂದ ಹುಡುಗಿಗೆ. "ಬೆಡಗು ನನಗ ಬ್ಯಾಡ."

ಆಗ ಭಾಗ್ಯಜ್ಯೋತಿ ಅತ್ತಳು. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಗೇ ಬಂದು, ಟೆಂಪೋದ ಗಾಲಿಗೆ ಹಣೆ ಒತ್ತಿಕೊಂಡು ಅತ್ತಳು.

ಅಷ್ಟರಲ್ಲಿ ಊರು ಬಂದಿತ್ತು. ಹೊಲದ ಬದುವಿನ ಮೇಲೆ ಒಬ್ಬೊಬ್ಬರಾಗಿ ಬಂದು, ತಂದಿದ್ದ ಗೋಣಿಚೀಲ ಹಾಸಿ, ಕೂತುಕೊಂಡಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಯಾರೂ ಕೆಳಗೆ ಇಳಿಯಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ.

ಬಸಂತರಾಯ ಹೊಲದೊಳಗಿನಿಂದ ನಡೆದು ಬಂದ. ಹೆಂಟೆಗಳ ಮೇಲೆ ಕಾಲು ತಪ್ಪುತ್ತಿತ್ತು. ಬಾಂದಗಲ್ಲಿನ ಹತ್ತಿರ ಬಂದು ನಿಂತ. ಅವನ ಕಾಲಿನಿಂದ ಕುಣಿಗೆ ಎರಡು ಮಾರು ಇದ್ದೀತು. ಪರದೆಯಲ್ಲಿ ಸುತ್ತಿ ಕುಣಿಯ ಪಕ್ಕ ಇಳಿಸಿದ್ದ ಹೊನ್ನವ್ವನನ್ನು ನೋಡಿದ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿದ. ಮಡಿಚಿದ. ಎರಡೂ ತೋಳಿನ ಮೇಲೆ ಹಾಸಿಕೊಂಡು ಕೈ ಮುಂದೆ ಚಾಚಿದ.

ಬದುವಿನ ಮೇಲಿನ ಪಿಸುಮಾತು ನಿಂತಿತು. ಆ ಟವೆಲ್ಲು ಎಲ್ಲರಿಗೂ ಗೊತ್ತಿತ್ತು. ಭಾಗ್ಯಜ್ಯೋತಿ ಮುಖ ಒರೆಸಿಕೊಂಡು ಅವನನ್ನೇ ನೋಡಿದಳು. ಅವನ ಬಾಯಿ ತೆರೆಯಿತು. ಮಾತು ಬರಲಿಲ್ಲ. ಟೆಂಪೋದ ಹಿಂದೆ ಕೂತಿದ್ದ ಮಡಿವಾಳಪ್ಪ ಮಾಸ್ತರರು, ಇಷ್ಟು ವರ್ಷ ಪರದೆಯ ಹಿಂದೆ ಕೂತ ರೂಢಿಯಿಂದ, ಮೆಲ್ಲಗೆ ಮಾತು ಎತ್ತಿಕೊಟ್ಟರು.

"ಈಕಿ ಯಾರ ಪೈಕಿ ಅಂತ ಕೇಳಬ್ಯಾಡ್ರಿ..."

ಬಸಂತರಾಯನ ತುಟಿ ಅಲುಗಿದವು. ಮಾಸ್ತರರು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಎತ್ತಿಕೊಟ್ಟರು. ಬದುವಿನ ಮೇಲೆ ಕೂತವರಿಗೂ ಅದು ಕೇಳಿಸಿತು. ಬಸಂತರಾಯನ ಕಾಲು ಕಲ್ಲು ದಾಟಲಿಲ್ಲ.

ಮಾಳಿಂಗಪ್ಪ ಸ್ವಲ್ಪ ಹೊತ್ತು ಕಾದ. ಹೊತ್ತು ಮುಳುಗುತ್ತಿದೆ, ಎತ್ತೋಣ ಎಂದ. ಅವನು ತಲೆಯ ಕಡೆ, ಕಾಸಿಂಸಾಬ ಕಾಲಿನ ಕಡೆ, ನಡುವೆ ಮಗಳು. ಹೊನ್ನವ್ವನನ್ನು ಕಂಬಳಿಯ ಮೇಲೆ ಒಂದು ಮಗ್ಗುಲಾಗಿ, ಮೊಣಕಾಲು ಮಡಿಚಿ ಮಲಗಿಸಿದರು. ಹೊಟ್ಟೆಯ ಹತ್ತಿರ, ಒಂದು ಮಗು ಹಿಡಿಯುವಷ್ಟು ಜಾಗ ಖಾಲಿ ಉಳಿಯಿತು. ಭಾಗ್ಯಜ್ಯೋತಿ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಸಲಿಕೆಯಿಂದ ಎಳೆದರು. ಒಣ ಮಣ್ಣಿನ ಧೂಳು ಎದ್ದು ರಸ್ತೆಯ ಕಡೆಗೂ ಹೊಲದ ಕಡೆಗೂ ಹರಡಿತು.

ಕುಣಿ ನೆಲಕ್ಕೆ ಸಮನಾಗುತ್ತಲೇ ಬದುವಿನ ಮೇಲಿನ ಜನ ಎದ್ದರು. ಗೋಣಿಚೀಲ ಜಾಡಿಸಿ, ಮಡಿಚಿ, ಬಗಲಲ್ಲಿಟ್ಟುಕೊಂಡು, ಮಲಗಿದ ಮಕ್ಕಳನ್ನು ಎಬ್ಬಿಸಿಕೊಂಡು ಊರ ಕಡೆ ಹೊರಟರು. ಬಸಂತರಾಯ ಕಲ್ಲಿನ ಈಚೆ ನಿಂತೇ ಇದ್ದ. ಚಾಚಿದ ಕೈ ಇಳಿಸುವುದು ಅವನಿಗೆ ಮರೆತಂತಿತ್ತು. ಎರಡೂ ತೋಳಿನ ಮೇಲೆ ಟವೆಲ್ಲು ಹಾಗೆಯೇ ಇತ್ತು, ಅದರ ಮೇಲೆ ಮಣ್ಣಿನ ಧೂಳು ಕೂತಿತ್ತು.